ಕೆಂಪು ಕಾರಿನ ಗಾಳಿ ಸೆನ್ಸರ್ ಸಾಹೇಬರಿಗೆ

ಏರ್ ಫಿಲ್ಟರಿನ ಪೆಟ್ಟಿಗೆಗೂ ಎಂಜಿನ್ನಿಗೂ ನಡುವಿನ ಕಪ್ಪು ಕೊಳವೆಯಲ್ಲಿ, ಎರಡು ಸ್ಕ್ರೂಗಳ ಪೀಠದ ಮೇಲೆ ವಿರಾಜಮಾನರಾಗಿ, ಒಳಗೆ ಹೋಗುವ ಗಾಳಿಯನ್ನೆಲ್ಲ ತೂಗಿ ವರದಿ ಒಪ್ಪಿಸುವ ಮಾನ್ಯರೇ,

ದೇವರ ದಯೆಯಿಂದ ನಾವೆಲ್ಲ ಕ್ಷೇಮ. ತಾವು ಕ್ಷೇಮವಾಗಿಲ್ಲವೆಂಬ ಸುದ್ದಿ ಎರಡು ವಾರದಿಂದ ನಮ್ಮ ಇಡೀ ಬೀದಿಗೆ ಕೇಳಿಸುತ್ತಿದೆ. ನಾನು ತಮ್ಮ ಕಾರಿನ ಯಜಮಾನರ ಹೆಂಡತಿ, ಹೊಲಿಗೆ ಕೆಲಸದವಳು, ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಅರ್ಜಿ ಬರೆಯುವುದನ್ನು ಅಲ್ಲಿ ಚೆನ್ನಾಗಿಯೇ ಕಲಿಸಿದ್ದರು, ಆದರೆ ಹೆಬ್ಬೆರಳಿನಷ್ಟು ದೊಡ್ಡ ಅಧಿಕಾರಿಗಳಿಗೆ ಬರೆಯುವ ಕ್ರಮವನ್ನು ಹೇಳಿಕೊಟ್ಟಿರಲಿಲ್ಲವಾದ್ದರಿಂದ, ಮಾತಿನಲ್ಲಿ ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಬಾನೆಟ್ಟಿನ ಕೆಳಗೆ ಟಪಾಲಿನವನು ಬರುವುದಿಲ್ಲವೆಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಾರಿನ ವಿಷಯ ತಮಗೆ ಹೊಸದಲ್ಲ, ಓದುವ ನಾಲ್ಕು ಜನಕ್ಕಾಗಿ ಹೇಳುತ್ತೇನೆ. ಮೂವತ್ತು ವರ್ಷ ಹಳೆಯದು, ಎರಡೇ ಸೀಟು, ಸ್ಪೋರ್ಟ್ಸ್ ಕಾರು ಎಂದು ಹೆಸರು. ಮುಚ್ಚಿಹೋದ ಕಾರ್ಖಾನೆಯೊಂದರ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದದ್ದನ್ನು ನನ್ನ ಯಜಮಾನರು ಆರು ವರ್ಷದ ರಜೆಗಳನ್ನೆಲ್ಲ ಸುರಿದು ಎಬ್ಬಿಸಿ ನಿಲ್ಲಿಸಿದರು. ಅವರು ಶಾಲಾ ಬಸ್ಸಿನ ಡ್ರೈವರು. ದಿನವೆಲ್ಲ ಐವತ್ತು ಮಕ್ಕಳ ಕೂಗಾಟ ಕೇಳಿ ಮನೆಗೆ ಬಂದವರ ಬಾಯಿಂದ ಸಂಜೆ 'ಹೂಂ', 'ಉಹೂಂ' ಬಿಟ್ಟು ಮೂರನೆಯ ಮಾತು ಹೊರಡುವುದಿಲ್ಲ. ಆದರೆ ಭಾನುವಾರ ಪ್ರಾರ್ಥನೆ ಮುಗಿಸಿ ಇಬ್ಬರೂ ಈ ಕಾರಿನಲ್ಲಿ ಕೂತು ಊರು ದಾಟಿದೆವೆಂದರೆ, ಆರು ದಿನ ಕೂಡಿಟ್ಟ ಮಾತೆಲ್ಲ ಹೊರಗೆ ಬರುತ್ತದೆ. ಯಾವ ಹುಡುಗಿ ಯಾವ ಸ್ಟಾಪಿನಲ್ಲಿ ಚಪ್ಪಲಿ ಬಿಟ್ಟು ಇಳಿದಳು ಎಂಬಲ್ಲಿಂದ ಹಿಡಿದು, ಅವರಿಗೆ ತಂದೆಯ ಮೇಲೆ ಇವತ್ತಿಗೂ ಇರುವ ಸಿಟ್ಟಿನವರೆಗೆ. ನಾನು ದೇವರಲ್ಲಿ ಬೇಡಿಕೊಂಡದ್ದರಲ್ಲಿ ಇದೊಂದು ಕೆಂಪು ಬಣ್ಣ ಬಳಿದುಕೊಂಡು ಬಂದಿತೆಂದು ನಂಬಿದವಳು ನಾನು.

ಇಂಥ ಕಾರಿಗೆ ಬರುವ ಗುರುವಾರ ಸರ್ಕಾರಿ ತಪಾಸಣೆ. ನಿಂತಲ್ಲೇ ಎಂಜಿನ್ ಹದವಾಗಿ ಓಡಬೇಕು, ಹೊಗೆ ಮಿತಿಯಲ್ಲಿರಬೇಕು. ಇಲ್ಲವಾದರೆ ಕಾಗದಪತ್ರ ರದ್ದು, ಕಾರು ನೇರ ಗುಜರಿಗೆ. ಇದು ತಿಳಿದೋ ಏನೋ, ತಾವು ಸರಿಯಾಗಿ ಇದೇ ಹೊತ್ತಿಗೆ ಮುನಿಸಿಕೊಂಡಿರಿ. ಈಗ ಕಾರು ನಿಂತಿದ್ದರೆ ಎಂಜಿನ್ನಿನ ವೇಗ ತೋರಿಸುವ ಮುಳ್ಳು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಎಂಜಿನ್ನು ಬಿಕ್ಕಳಿಸುತ್ತದೆ, ಕನ್ನಡಿ ನಡುಗುತ್ತದೆ, ಒಳಗೆ ಕೂತ ನನ್ನ ಗಲ್ಲವೂ ನಡುಗುತ್ತದೆ. ಎದುರು ಮನೆಯ ನರ್ಸಮ್ಮ ಕಿಟಕಿಯಿಂದ ತಲೆ ಹಾಕಿ, "ಏನ್ರೀ, ಕಾರಿಗೆ ಚಳಿಜ್ವರನಾ?" ಎಂದು ಕೇಳಿದ್ದು ಅವರ ಕಸುಬಿಗೆ ಸಹಜವೇ ಆದರೂ ನನಗೆ ನಾಚಿಕೆಯಾಯಿತು.

ತಮ್ಮ ಗೌರವ ಎಷ್ಟು ದೊಡ್ಡದೆಂದರೆ, ಮೊದಮೊದಲು ಯಾರೂ ತಮ್ಮ ಮೇಲೆ ಅನುಮಾನವನ್ನೇ ಪಡಲಿಲ್ಲ. ಯಜಮಾನರು ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದರು, ಬಡಪಾಯಿಗಳು ಬಾಯಿಬಿಡದೆ ಹೋದವು. ರಬ್ಬರ್ ಕೊಳವೆಗಳಲ್ಲಿ ಎಲ್ಲಾದರೂ ಬಿರುಕು ಬಿಟ್ಟು ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು ಒಂದೊಂದನ್ನೂ ಹಿಚುಕಿ ನೋಡಿದರು. ಆಮೇಲೆ ಬಂದವರು ಗ್ಯಾರೇಜಿನ ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕೇಳುವುದರಿಂದ ಅವರಿಗೆ ಆ ಹೆಸರು. ಅವರು ನಿನ್ನೆ ಭಾನುವಾರ ಬಂದು, ಕಣ್ಣು ಮುಚ್ಚಿ ಕೇಳಿ, ಕೊನೆಗೆ ತಮ್ಮ ತಲೆಯ ಮೇಲಿನ ವೈರನ್ನು ಸುಮ್ಮನೆ ಕಿತ್ತರು. ಏನಾಶ್ಚರ್ಯ ಮಾನ್ಯರೇ, ತಾವು ಕಚೇರಿಯಿಂದ ಹೊರಬಿದ್ದ ಕ್ಷಣವೇ ಎಂಜಿನ್ನು ಹಾಲು ಕುಡಿದ ಕೂಸಿನಂತೆ ತಣ್ಣಗೆ ಓಡತೊಡಗಿತು.

"ನೋಡಿ ಅಕ್ಕಾ, ಇವರಿದ್ರೆ ಕೆಲಸ ಕೆಡುತ್ತೆ, ಇಲ್ದಿದ್ರೆ ತಾನಾಗೇ ನಡೆಯುತ್ತೆ" ಎಂದರು ಮೇಸ್ತ್ರಿ. ಇಂಥ ಪ್ರತಿಭೆ ದೊಡ್ಡ ದೊಡ್ಡ ಕಚೇರಿಗಳಲ್ಲಿ ಮಾತ್ರ ಇರುತ್ತದೆಂದು ತಿಳಿದಿದ್ದೆ, ನಮ್ಮ ಷೆಡ್ಡಿನಲ್ಲೂ ಇದೆಯೆಂದು ಹೆಮ್ಮೆಯಾಯಿತು. ಹಾಗಾದರೆ ತಮ್ಮನ್ನು ಬಿಟ್ಟೇ ತಪಾಸಣೆಗೆ ಹೋಗೋಣವೆಂದರೆ, ತಾವಿಲ್ಲದ ಸಂಗತಿಯನ್ನು ಸ್ಟೀರಿಂಗಿನ ಮುಂದೆ ಹಳದಿ ದೀಪವೊಂದು ಹೊತ್ತಿಕೊಂಡು ಚಾಡಿ ಹೇಳುತ್ತದಂತೆ. ತಮ್ಮ ಜಾಗಕ್ಕೆ ಹೊಸಬರನ್ನು ತರೋಣವೆಂದರೆ, ತಮ್ಮ ವಂಶದವರನ್ನು ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸಿದ್ದಾರಂತೆ. ಕೆಲಸ ಮಾಡದಿದ್ದರೂ ತೆಗೆದುಹಾಕಲಾಗದ ಇಂಥ ಭದ್ರವಾದ ಹುದ್ದೆಯನ್ನು ದೇವರು ನನ್ನ ಮೈದುನನಿಗೂ ಕರುಣಿಸಬಾರದಿತ್ತೇ.

ಆದ್ದರಿಂದ ವಿನಂತಿಸಿಕೊಳ್ಳುವುದೇನೆಂದರೆ, ಗುರುವಾರ ಬೆಳಿಗ್ಗೆ ಹತ್ತು ನಿಮಿಷ ಮಾತ್ರ ತಾವು ಒಳ್ಳೆಯ ಮನಸ್ಸು ಮಾಡಬೇಕು. ಮುಂದೆ ಮುನಿಸಿಕೊಳ್ಳುವುದಿದ್ದರೆ ಮೂರು ದಿನ ಮೊದಲು ಕಾಗದ ಬರೆದು ತಿಳಿಸಬೇಕು, ಭಾನುವಾರಗಳನ್ನು ಬಿಡಬೇಕು. ಮತ್ತು ತಮ್ಮ ವಿದ್ಯೆ ವ್ಯರ್ಥವಾಗದಂತೆ, ಮೇಲೆ ಹೇಳಿದ ಮೈದುನ ನಮ್ಮ ಮನೆಗೆ ಬಂದು ಮಾತಿಗೆ ಕೂತಾಗ ಎದುರಿಗೆ ಕೂತು, ಅದರಲ್ಲಿ ಗಾಳಿಯೆಷ್ಟು ಎಂದು ತೂಗಿ ಹೇಳಬೇಕು. ಅಷ್ಟಾದರೆ ತಮ್ಮನ್ನು ದಿನವೂ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.

ಇಲ್ಲಿಯವರೆಗಿನದನ್ನು ಸೋಮವಾರ ಬರೆದಿದ್ದೆ. ಇಂದು ಶುಕ್ರವಾರ. ಮೇಲಿನದನ್ನೆಲ್ಲ ಹರಿದುಹಾಕಬೇಕಾದ ಕಾರಣ ಒದಗಿದೆಯಾದರೂ, ಬರೆದ ಕಾಗದ ಹಾಳುಮಾಡುವುದು ನನ್ನ ಅಭ್ಯಾಸವಲ್ಲ, ಅಲ್ಲದೆ ಆಡಿದ ಮಾತನ್ನು ಅಡಗಿಸಿಟ್ಟರೆ ದೇವರು ಮೆಚ್ಚುವುದಿಲ್ಲ. ಆದ್ದರಿಂದ ಮುಂದುವರಿಸುತ್ತೇನೆ.

ಬುಧವಾರ ಸಂಜೆ ಕಿವಿ ಮೇಸ್ತ್ರಿ ತಮ್ಮನ್ನು ಪೀಠದಿಂದ ಇಳಿಸಿ ನನ್ನ ಹೊಲಿಗೆ ಮೇಜಿನ ದೀಪದ ಕೆಳಗೆ ಹಿಡಿದರು. ಆಗಲೇ ನಾನು ತಮ್ಮ ನಿಜರೂಪ ಕಂಡದ್ದು. ಒಳಗೆ ಕೂದಲಿಗಿಂತ ತೆಳುವಾದ ಒಂದು ತಂತಿ. ಅದು ಸದಾ ಬಿಸಿಯಾಗಿದ್ದು, ಹಾದುಹೋಗುವ ಗಾಳಿ ತನ್ನನ್ನು ಎಷ್ಟು ತಣಿಸಿತೆಂಬುದರ ಮೇಲೆ ಗಾಳಿಯ ತೂಕ ಹೇಳುತ್ತದಂತೆ, ಅದನ್ನು ನಂಬಿ ಎಂಜಿನ್ನು ಪೆಟ್ರೋಲು ಕುಡಿಯುತ್ತದಂತೆ. ಆ ತಂತಿಯ ಮೇಲೆ ಜಿಡ್ಡು ಕೂತಿತ್ತು. ಕಂಬಳಿ ಹೊದ್ದವರನ್ನು ಹೊರಗೆ ಗಾಳಿ ಎಷ್ಟಿದೆ ಎಂದು ಕೇಳಿದರೆ ಏನು ಹೇಳಿಯಾರು. ಮೇಸ್ತ್ರಿ ಬೆರಳು ಮೂಸಿ ಕೇಳಿದರು, "ಅಣ್ಣಾ, ಫಿಲ್ಟರಿಗೆ ಎಣ್ಣೆ ಎಷ್ಟು ಹಾಕಿದ್ರಿ?"

ನಮ್ಮ ಕಾರಿನದು ಬಟ್ಟೆಯ ಫಿಲ್ಟರು. ತೊಳೆದು, ಒಣಗಿಸಿ, ಧೂಳು ಹಿಡಿಯಲೆಂದು ಲೇಶ ಎಣ್ಣೆ ಸವರಬೇಕು. "ಹನ್ನೆರಡು ಹನಿ ಕಣಯ್ಯ, ಎಣಿಸಿ ಹಾಕಿದೀನಿ" ಎಂದರು ಯಜಮಾನರು. ಮೇಸ್ತ್ರಿ ಫಿಲ್ಟರನ್ನು ಹಿಂಡಿ ತೋರಿಸಿದರು. ಅದು ತೊಟ್ಟಿಕ್ಕಿತು. ಯಜಮಾನರು ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು, "ಹಾಗಾದ್ರೆ ಎಣಿಕೆ ತಪ್ಪಿದೆ. ಮರೆವು ಶುರುವಾಯ್ತು ಅಂತ ಕಾಣುತ್ತೆ. ಇದೇ ಕೈಯಲ್ಲಿ ನಾಳೆ ಮಕ್ಕಳ ಬಸ್ಸು ಬೇರೆ. ಬೇಡಪ್ಪ, ಬಿಚ್ಚಿದ್ದು ಬಿಚ್ಚಿದ ಹಾಗೇ ಇರಲಿ, ಗುಜರಿಯವನಿಗೆ ಫೋನ್ ಮಾಡಿಬಿಡ್ತೀನಿ" ಎಂದರು.

ಮಾನ್ಯರೇ, ಆ ಎಣ್ಣೆ ನನ್ನದು. ಮೂರು ವಾರದ ಹಿಂದೆ ಅವರು ಎಣಿಸಿ ಎಣ್ಣೆ ಹಾಕಿದ ಫಿಲ್ಟರನ್ನು ನನ್ನ ಹೊಲಿಗೆ ಕೋಣೆಯ ಕಿಟಕಿಯಲ್ಲಿ ಇಟ್ಟು ಡ್ಯೂಟಿಗೆ ಹೋದಾಗ, ಅದು ನನ್ನ ಕಣ್ಣಿಗೆ ಒಣಗಿದ ತುಟಿಯಂತೆ ಕಂಡಿತು. ನನ್ನ ಕಸುಬಿನಲ್ಲಿ ಯಂತ್ರ ಯಾವುದೇ ಇರಲಿ, ಒಣಗಿದೆಯೆಂದರೆ ಎಣ್ಣೆ. ಇಪ್ಪತ್ತೈದು ವರ್ಷದಿಂದ ನನ್ನ ಹೊಲಿಗೆ ಯಂತ್ರ ಅದೊಂದರಲ್ಲೇ ಓಡಿದೆ. ಅದರ ಡಬ್ಬಿಯನ್ನೇ ತಂದು, ಫಿಲ್ಟರಿನ ಮಡಿಕೆ ಮಡಿಕೆಗೂ ತೃಪ್ತಿಯಾಗುವಷ್ಟು ಕುಡಿಸಿದೆ. ಮಾಡಿದ ಉಪಕಾರವನ್ನು ಹೇಳಿಕೊಳ್ಳಬಾರದೆಂದು ನನ್ನ ತಾಯಿ ಕಲಿಸಿದ್ದರಿಂದ ಹೇಳಲೂ ಇಲ್ಲ. ಆಮೇಲೆ ತಾವು ಬಿಕ್ಕಳಿಸತೊಡಗಿದಾಗ ಎರಡಕ್ಕೂ ನಂಟಿದೆಯೆಂದು ನನಗೆ ಹೊಳೆಯಲೇ ಇಲ್ಲ, ಇದು ದೇವರಾಣೆಗೂ ನಿಜ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮನುಷ್ಯ ತನ್ನ ಕೈಗಳನ್ನು ನೋಡಿಕೊಂಡ ರೀತಿಯನ್ನು ನನ್ನಿಂದ ನೋಡಲಾಗಲಿಲ್ಲ. "ನಿಮ್ಮ ಎಣಿಕೆ ಸರಿಯಾಗೇ ಇತ್ತು. ಆಮೇಲೆ ನಾನು ಹಾಕ್ದೆ" ಎಂದೆ.

"ಎಷ್ಟು ಹಾಕ್ದೆ?"

"ಎಣಿಸ್ಲಿಲ್ಲ. ಅದು ಬೇಡ ಅನ್ನೋವರೆಗೂ ಹಾಕ್ದೆ."

ಕಿವಿ ಮೇಸ್ತ್ರಿ ಬಾಗಿಲ ಕಡೆ ತಿರುಗಿ ನಿಂತರು, ಅವರ ಭುಜ ಮಾತ್ರ ಕುಣಿಯುತ್ತಿತ್ತು. ಯಜಮಾನರಿಗೆ ಸಿಟ್ಟು ಬರಬೇಕಾಗಿತ್ತು, ಬದಲಿಗೆ ಅವರು ಉಸಿರು ಬಿಟ್ಟು, "ಹನ್ನೆರಡೇ ಹನಿ. ನಾನು ಹೇಳ್ಲಿಲ್ವೇನಯ್ಯ?" ಎಂದು ಮೇಸ್ತ್ರಿಯ ಬೆನ್ನಿಗೆ ಎರಡು ಸಲ ಹೇಳಿದರು. ಆಮೇಲೆ ಮೂವರೂ ಕೂತು ಫಿಲ್ಟರು ತೊಳೆದೆವು. ತಂತಿಯನ್ನು ಯಾರೂ ಬೆರಳಲ್ಲಿ ಮುಟ್ಟದೆ, ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು ಆರಲು ಬಿಟ್ಟು, ತಮ್ಮನ್ನು ಮರಳಿ ಪೀಠಕ್ಕೇರಿಸಿದೆವು. ಕೀಲಿ ತಿರುಗಿಸಿದರೆ ಮುಳ್ಳು ಒಂದೇ ಕಡೆ ನಿಂತಿತು. ಆ ಹೊತ್ತಿಗೆ ನಾನು ಯಾರಿಗೆ ಕೈಮುಗಿದೆನೆಂದು ಸ್ಪಷ್ಟವಾಗಿ ನೆನಪಿಲ್ಲ, ತಮಗೂ ಒಂದು ಪಾಲು ಬಂದಿರಬಹುದು.

ನಿನ್ನೆ ತಪಾಸಣೆಯ ಸಾಹೇಬರು ಹೊಗೆ ನೋಡಿದರು, ಸದ್ದು ಕೇಳಿದರು, ಮುದ್ರೆ ಒತ್ತಿದರು. ಕಾರು ನಮ್ಮದಾಗಿಯೇ ಉಳಿಯಿತು. ಇನ್ನು ಯಜಮಾನರ ವಿಷಯ. ಇಷ್ಟು ವರ್ಷ ಅವರು ಕಾರಿನೊಳಗೆ ಕೂತರೆ ಮಾತ್ರ ಮಾತಾಡುತ್ತಿದ್ದರು. ನಿನ್ನೆ ಇಳಿದ ಮೇಲೂ ನಿಲ್ಲಿಸಲಿಲ್ಲ. "ಬೇಡ ಅನ್ನೋವರೆಗೂ ಹಾಕ್ದೆ ಅಂತಾಳೆ" ಎಂದು ತಪಾಸಣೆಯ ಸಾಹೇಬರಿಗೆ, ನರ್ಸಮ್ಮನಿಗೆ, ಶಾಲೆಯ ಕಾವಲುಗಾರನಿಗೆ, ಕಡೆಗೆ ಬಸ್ಸಿನ ಮಕ್ಕಳಿಗೂ ಹೇಳಿದ್ದಾರೆ. ಮದುವೆಯಾದಾಗಿನಿಂದ ಅವರು ನನ್ನ ವಿಷಯವಾಗಿ ಜನರ ಎದುರು ಇಷ್ಟು ಮಾತಾಡಿದ್ದು ಇದೇ ಮೊದಲು. ಮರ್ಯಾದೆ ಹೋಯಿತು, ಹೋಗಲಿ, ಕೇಳಲು ಹಿತವಾಗಿದೆ.

ತಮ್ಮ ಮೇಲೆ ಹೊರಿಸಿದ ಆರೋಪಗಳನ್ನೆಲ್ಲ, ಮೈದುನನ ಗಾಳಿಯ ಕೋರಿಕೆಯೊಂದನ್ನು ಬಿಟ್ಟು, ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ.

ಇನ್ನು ಮೇಲೆ ಕೇಳದೆ ಎಣ್ಣೆ ಹಾಕದ,
ತಮ್ಮ ತಡವಾದ ವಿಶ್ವಾಸಿ,
ಯಜಮಾನರ ಹೆಂಡತಿ

ತಾ.ಕ.: ತಾವು ಎರಡು ವಾರ ಬಿಕ್ಕಳಿಸಿದ್ದಕ್ಕೆ ಇಬ್ಬರು ಗಂಡಸರು ಟಾರ್ಚು ಹಿಡಿದು, ಕಿವಿಗೊಟ್ಟು, ತಮ್ಮನ್ನು ದೀಪಕ್ಕೆ ಹಿಡಿದು ನೋಡಿದರು. ನನ್ನ ಎಡ ಮೊಣಕಾಲು ಒಂದು ವರ್ಷದಿಂದ ಕಟಕಟ ಎನ್ನುತ್ತಿದೆ, ಅದು ಇನ್ನೂ ಯಾರ ಕಿವಿಗೂ ಬಿದ್ದಿಲ್ಲ. ಯಜಮಾನರ ಗಮನ ಸೆಳೆಯಲು ಹಳದಿ ದೀಪ ಎಲ್ಲಿ ಹಾಕಿಸಿಕೊಳ್ಳಬೇಕೆಂದು ತಾವು ದಯವಿಟ್ಟು ತಿಳಿಸಿದರೆ ಉಪಕಾರವಾಗುತ್ತದೆ.