ದೊರೆಯ ಬಾಯಲ್ಲಿ ಅತ್ತೆಯ ಮಾತು

ತಿಪ್ಪೇರುದ್ರಪ್ಪ: ಆ ಟಿ.ವಿ. ಸಣ್ಣಗ ಮಾಡು ಅಂತ ಎಷ್ಟು ಸಲ ಹೇಳಬೇಕು? ನಾನಿಲ್ಲಿ ರಾಜ್ಯ ಆಳಾಕತ್ತೀನಿ.

ಗುರುಬಸಮ್ಮ: ಆಳ್ರಿ, ಯಾರು ಬ್ಯಾಡಂದಾರ? ಅಡಿಗಿಮನ್ಯಾಗ ನಿಂತು ಆಳ್ರಿ. ಏಳರಿಂದ ಏಳೂವರಿ ತನಕ ಈ ಹಾಲ್ ನಂದು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮನೆಯಲ್ಲಿ ಹಾಲ್ ಒಂದೇ. ಅದರ ಒಂದು ಮೂಲೆಯಲ್ಲಿ ಟಿ.ವಿ., ಇನ್ನೊಂದು ಮೂಲೆಯಲ್ಲಿ ಹೆಗಲಿಗೆ ಟವೆಲ್ ಹೊದ್ದು, ಕತ್ತಿಯ ಬದಲು ಕೊಡೆ ಹಿಡಿದ ತಿಪ್ಪೇರುದ್ರಪ್ಪನವರು. ಮೋಕದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು. ಕುರುಗೋಡಿನ ಹವ್ಯಾಸಿ ತಂಡದ ಐತಿಹಾಸಿಕ ನಾಟಕದಲ್ಲಿ ಮೂವತ್ತು ವರ್ಷಗಳಿಂದ ಅವರದೇ ದೊರೆಯ ಪಾತ್ರ. ವನವಾಸ ಮುಗಿಸಿ ಬಂದ ತಮ್ಮ ಪಾಲು ಕೇಳುತ್ತಾನೆ, ದೊರೆ ಕೊಡುವುದಿಲ್ಲ. ಇಷ್ಟೇ ಕಥೆ.

ತಿಪ್ಪೇರುದ್ರಪ್ಪ: ನಿನ್ನ ಧಾರಾವಾಹಿಯಾಗ ಆ ಅತ್ತಿ ದೀಪಾವಳಿಯಿಂದ ಮೆಟ್ಟಿಲು ಇಳಿಯಾಕತ್ತಾಳ. ಇನ್ನೂ ಕೆಳಗ ಬಂದಿಲ್ಲ.

ಗುರುಬಸಮ್ಮ: ನಿಮ್ಮ ದೊರಿ ಮೂವತ್ತು ವರ್ಷದಿಂದ ತಮ್ಮಗ ಪಾಲು ಕೊಡಾಕ ಒಲ್ಲೆ ಅನ್ನಾಕತ್ತಾನ. ಇಕಿ ಇಳಿದಾಳು ಬಿಡ್ರಿ.

ತಿಪ್ಪೇರುದ್ರಪ್ಪ: ಅದು ಕಲೆ. ಇದು ಹೊತ್ತು ಕಳಿಯೋದು.

ಗುರುಬಸಮ್ಮ: ಮುಂಜಾನಿಂದ ದುಡದಾಕಿಗೆ ಅರ್ಧ ತಾಸು ಹೊತ್ತು ಕಳಿಯಾಕ ಬ್ಯಾಡೇನ್ರಿ? ಕಲೆ ನೋಡಾಕ ಮೈಯಾಗ ಶಕ್ತಿ ಇರಬೇಕು.

ಮೇಷ್ಟ್ರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. ಈಚೆಗೆ ಅವರಿಗೆ ಬೇಕಾದ ಮಾತು ಬೇಕಾದಾಗ ಹೊಳೆಯುತ್ತಲೇ ಇರಲಿಲ್ಲ. ಹೋದ ವರ್ಷ ಕುರುಗೋಡಿನ ಪ್ರದರ್ಶನದಲ್ಲಿ ಎರಡು ಕಡೆ ಮಾತು ಮರೆತು ನಿಂತಿದ್ದರು. ತಂಡದ ಯಜಮಾನ ಎರ್ರಿಸ್ವಾಮಿ ಬೈಯಲಿಲ್ಲ. ಮುಂದೆ ಮೋಕದಲ್ಲಿ ಆಡುವಾಗಲೂ ಹೀಗಾದರೆ ತಮ್ಮನ ಪಾತ್ರದ ಹುಲುಗೇಶನಿಗೇ ಕಿರೀಟ ಕೊಡಬೇಕಾಗುತ್ತದೆ ಎಂದಷ್ಟೇ ಹೇಳಿದ್ದರು. ಆ ಮಾತನ್ನು ಮೇಷ್ಟ್ರು ಹೆಂಡತಿಗೆ ಹೇಳಿರಲಿಲ್ಲ. ಕೊಡೆ ಹಿಡಿದು ದಿನವೂ ಏಳಕ್ಕೆ ಸರಿಯಾಗಿ ನಿಲ್ಲುತ್ತಿದ್ದರು. ಒಂದು ಕಿವಿಯಲ್ಲಿ ದೊರೆ, ಇನ್ನೊಂದು ಕಿವಿಯಲ್ಲಿ ಅತ್ತೆ. ಹೀಗೆ ಒಂದು ತಿಂಗಳು ನಡೆಯಿತು.

ಮೋಕದ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟದ ದಿನ ಮಧ್ಯಾಹ್ನ ನಾಲ್ಕಕ್ಕೆ ನಾಟಕ. ತಮ್ಮ ಮೇಷ್ಟ್ರು ಬಣ್ಣ ಹಚ್ಚಿದ್ದಾರೆಂದು ಮೈದಾನ ತುಂಬಿತ್ತು. ಗುರುಬಸಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊದಲ ಅಂಕ ಚೆನ್ನಾಗಿ ಹೋಯಿತು. ಎರಡನೆಯ ಅಂಕದಲ್ಲಿ ಹುಲುಗೇಶ ಕೋಟೆ ಬಾಗಿಲಲ್ಲಿ ನಿಂತು ಪಾಲು ಕೇಳಿದ. ಮೇಷ್ಟ್ರು ಬಾಯಿ ತೆರೆದರು. ಮಾತು ಬರಲಿಲ್ಲ.

ಪರದೆಯ ಹಿಂದಿನಿಂದ ಎರ್ರಿಸ್ವಾಮಿ ಪಿಸುಗುಟ್ಟಿದ್ದು ಜನರೇಟರ್ ಸದ್ದಿನಲ್ಲಿ ಮುಳುಗಿತು. ಹುಲುಗೇಶ ಇನ್ನೊಮ್ಮೆ ಕೇಳಿದ. ಮೇಷ್ಟ್ರ ಕೈ ತಾನಾಗಿ ಸೊಂಟಕ್ಕೆ ಹೋಯಿತು, ನಾಲಿಗೆಯೂ ತಾನಾಗಿ ಹೊರಳಿತು:

ತಿಪ್ಪೇರುದ್ರಪ್ಪ: ಈ ಮನೆ ಕೀಲಿಕೈ ನನ್ನ ಸೊಂಟದಲ್ಲಿ ಇರೋವರೆಗೂ ಹಿತ್ತಲ ಬಾಗಿಲು ಕೂಡ ನಿನಗೆ ತೆರೆಯಲ್ಲ.

ಅದು ಧಾರಾವಾಹಿಯ ಅತ್ತೆಯ ಮಾತು. ಹೆಂಗಸರ ಕಡೆಯಿಂದ ಎದ್ದ ನಗೆ, ಸಿಳ್ಳೆ, ಚಪ್ಪಾಳೆ ನಿಲ್ಲಲೇ ಇಲ್ಲ. ಒನ್ಸ್ ಮೋರ್ ಎಂದು ಕೂಗಿದರು. ಮೇಷ್ಟ್ರು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಅತ್ತೆಯ ಹಾಗೆಯೇ ಕತ್ತು ಕೊಂಕಿಸಿ ಹೇಳಿದರು.

ನಾಟಕ ಮುಗಿದ ಮೇಲೆ ಎರ್ರಿಸ್ವಾಮಿ ಬಂದು ತಬ್ಬಿಕೊಂಡರು. ಬರುವ ಆಯ್ತಾರ ಸಿರುಗುಪ್ಪದಲ್ಲೂ ಅದನ್ನೇ ಹೇಳಬೇಕು, ಕಿರೀಟ ಯಾರಿಗೂ ಕೊಡುವುದಿಲ್ಲ ಎಂದರು. ಮೇಷ್ಟ್ರು ಕಿವಿಯ ಹಿಂದೆ ಬಣ್ಣ ಉಳಿದಿದ್ದರೂ ನೋಡದೆ, ಹುಡುಗನ ಹಾಗೆ ಬಸ್ ಹತ್ತಿದರು. ಗುರುಬಸಮ್ಮ ಕಿಟಕಿಯ ಕಡೆ ಕೂತು ಹೊಲಗಳನ್ನು ನೋಡುತ್ತಿದ್ದರು.

ತಿಪ್ಪೇರುದ್ರಪ್ಪ: ನಿನ್ನ ಧಾರಾವಾಹಿಗೆ ಇಷ್ಟು ದಿನ ಸುಮ್ಮನ ಬೈದೆ. ಜನರ ನಾಡಿ ಹಿಡಿಯೋದು ಅಂದ್ರ ಅದು. ನೋಡಿದೇನು, ಹೆಂಗ ಚಪ್ಪಾಳಿ ಬಿತ್ತು?

ಗುರುಬಸಮ್ಮ: ಬಿತ್ತು. ಆ ಅತ್ತಿಗೆ ಬಿತ್ತು, ನಿಮಗಲ್ಲ.

ತಿಪ್ಪೇರುದ್ರಪ್ಪ: ನಿನಗ ಖುಷಿ ಆಗ್ತದ ಅಂದ್ಕೊಂಡಿದ್ದೆ.

ಗುರುಬಸಮ್ಮ: ಅಕಿ ಮಾತು ಕೇಳಾಕ ನಾನು ಮೋಕದ ತನಕ ಬರಬೇಕಿತ್ತೇನ್ರಿ? ಮನ್ಯಾಗ ಕಾಲು ಚಾಚಿ ಕೇಳ್ತಿದ್ದೆ.

ಆಮೇಲೆ ಗುರುಬಸಮ್ಮ, ಕಣ್ಣನ್ನು ಹೊಲದ ಮೇಲೆಯೇ ಇಟ್ಟು, ಜೋರೂ ಅಲ್ಲದ ಮೆಲ್ಲಗೂ ಅಲ್ಲದ ದನಿಯಲ್ಲಿ ಶುರು ಮಾಡಿದರು:

ಗುರುಬಸಮ್ಮ: ಎಲವೋ ಅನುಜಾ, ಸಿಂಹದ ಗುಹೆಯ ಬಾಗಿಲಲ್ಲಿ ನಿಂತು ಪಾಲು ಕೇಳುವ ನಿನ್ನ ಧೈರ್ಯಕ್ಕೆ ಮೆಚ್ಚಿದೆ. ಆದರೆ ಈ ಕೋಟೆಯ ಒಂದು ಹಿಡಿ ಮಣ್ಣೂ ನನ್ನ ಕತ್ತಿಯ ನೆರಳನ್ನು ದಾಟಿ ಹೋಗದು.

ಮುಂದಿನ ಸೀಟಿನವರು ತಿರುಗಿ ನೋಡಿದರು. ಮೇಷ್ಟ್ರು ಹೆಂಡತಿಯನ್ನೇ ನೋಡುತ್ತ ಕೂತರು. ತಾವು ಮರೆತ ಮಾತಿನ ಒಂದು ಅಕ್ಷರವೂ ತಪ್ಪಿರಲಿಲ್ಲ. ಎಲ್ಲಿ ಉಸಿರು ಹಿಡಿಯಬೇಕೋ ಅಲ್ಲೇ ಹಿಡಿದಿದ್ದರು.

ತಿಪ್ಪೇರುದ್ರಪ್ಪ: ಇದು ನಿನಗ ಹೆಂಗ ಬರತೈತಿ?

ಗುರುಬಸಮ್ಮ: ಮೂವತ್ತು ವರ್ಷ ರೊಟ್ಟಿ ಬಡದೀನಿ. ಕಿವಿ ಮುಚ್ಚಿಕೊಂಡು ರೊಟ್ಟಿ ಬಡಿಯಾಕ ಆಕ್ಕತೇನ್ರಿ?

ಮೇಷ್ಟ್ರು ಆಗ ಎಲ್ಲವನ್ನೂ ಹೇಳಿದರು. ಮರೆವಿನ ವಿಷಯ, ಎರ್ರಿಸ್ವಾಮಿ ಹೇಳಿದ್ದು, ತಿಂಗಳಿಂದ ಸರಿಯಾಗಿ ನಿದ್ದೆ ಬಾರದ್ದು. ಕೊನೆಗೆ, ಸಿರುಗುಪ್ಪದಲ್ಲಿ ಪರದೆಯ ಹಿಂದೆ ನೀನು ಪುಸ್ತಕ ಹಿಡಿದು ನಿಲ್ಲುತ್ತೀಯಾ ಎಂದು ಅಳುಕುತ್ತಲೇ ಕೇಳಿದರು.

ಗುರುಬಸಮ್ಮ: ಪುಸ್ತಕ ಯಾಕ ಬೇಕು? ನಿಲ್ತೀನಿ. ಆದರ ಎರಡನೇ ಅಂಕದಾಗ ಒಂದು ಹಾಡು ತಗಿಸಿಬಿಡ್ರಿ. ಜನ ಅಲ್ಲೇ ಎದ್ದು ಹೋಗ್ತಾರ.

ನಾಟಕದ ಒಂದು ಅಲ್ಪವಿರಾಮ ಬದಲಿಸಲೂ ಬಿಡದಿದ್ದ ಮೇಷ್ಟ್ರು ಆವತ್ತು ಮಾತ್ರ ವಿನಯದಿಂದ ಕೇಳಿದರು.

ತಿಪ್ಪೇರುದ್ರಪ್ಪ: ಯಾವ ಹಾಡು?

ಗುರುಬಸಮ್ಮ: ನೀವು ಹಾಡೋದು.