ಮಾರ್ಷಲ್ ಎಲ್ಡನ್‌ನ ಹೊಸ ರಿವಾಲ್ವರ್

ಹೊಸ ರಿವಾಲ್ವರಿನ ತೋಟಾ ತುಂಬುವ ಉರುಳೆ ತಿರುಗಲಿಲ್ಲ. ಎಲ್ಡನ್ ಪ್ರಾಥರ್ ಅಡಿಗೆಮನೆಯ ಮೇಜಿನ ಮುಂದೆ ಕೂತು ಹೆಬ್ಬೆರಳಲ್ಲಿ ಒತ್ತಿದ, ಅಂಗೈಯಲ್ಲಿ ಉಜ್ಜಿದ, ಕೊನೆಗೆ ಬೈದ. ಅದು ಹಟ ಹಿಡಿದ ಕತ್ತೆಯಂತೆ ನಿಂತಲ್ಲೇ ನಿಂತಿತ್ತು.

ಅವತ್ತು ಹಾರ್ಲನ್ ಸ್ಪ್ರಿಂಗ್ಸ್ ಊರು ಹುಟ್ಟಿದ ದಿನ. ಕ್ಯಾನ್ಸಸ್ ಸೀಮೆಯ ಆ ಪುಟ್ಟ ಊರಿನಲ್ಲಿ ಪ್ರತಿವರ್ಷ ಆ ದಿನ ನಡುಬೀದಿಯಲ್ಲಿ ಬ್ಯಾಂಕ್ ದರೋಡೆಯ ಆಟ ಆಡುತ್ತಾರೆ. ದರೋಡೆಕೋರ ಹಣದ ಚೀಲ ಹಿಡಿದು ಓಡಿ ಬರುತ್ತಾನೆ, ಊರು ಕಾಯುವ ಮಾರ್ಷಲ್ ಅವನನ್ನು ಹೊಡೆದುರುಳಿಸುತ್ತಾನೆ, ಜನ ಚಪ್ಪಾಳೆ ತಟ್ಟಿ ಊಟಕ್ಕೆ ಹೋಗುತ್ತಾರೆ. ಶಾಲೆಯ ಬಸ್ಸು ಓಡಿಸುವ ಎಲ್ಡನ್ ಮದುವೆಗೆ ಮುಂಚಿನಿಂದಲೂ ದರೋಡೆಕೋರನೇ. ಅವನು ಬ್ಯಾಂಕಿನ ಮೆಟ್ಟಿಲ ಮೇಲೆ ಸಾಯುವುದನ್ನು ನೋಡುತ್ತಲೇ ಊರಿನ ಒಂದು ತಲೆಮಾರು ದೊಡ್ಡದಾಗಿತ್ತು. ಮಾರನೇ ದಿನ ಬಸ್ಸು ಹತ್ತುವ ಮಕ್ಕಳು, "ನಿನ್ನೆ ಚೆನ್ನಾಗಿ ಸತ್ತೆ ಎಲ್ಡನ್ ಅಂಕಲ್" ಅನ್ನುತ್ತಿದ್ದವು. ಈ ವರ್ಷ ಹಳೆಯ ಮಾರ್ಷಲ್‌ಗೆ ಮಂಡಿಯ ಆಪರೇಶನ್ ಆಗಿ, ಮಾರ್ಷಲ್ ಗುರುತಿನ ಬೆಳ್ಳಿ ನಕ್ಷತ್ರ ಎಲ್ಡನ್‌ನ ಎದೆಗೆ ಬಂದಿತ್ತು. ಆ ಸಂಭ್ರಮಕ್ಕೆ ಉತ್ಸವ ಸಮಿತಿಯವರ ತಲೆ ತಿಂದು, ಮಾರ್ಷಲ್‌ಗೊಂದು ದರೋಡೆಕೋರನಿಗೊಂದು ಅಂತ ಹಳೆಗಾಲದ ರಿವಾಲ್ವರಿನ ತದ್ರೂಪಾದ ಎರಡು ಹೊಸ ರಿವಾಲ್ವರನ್ನು ಅವನೇ ಆರಿಸಿ ತರಿಸಿದ್ದ.

"ಏನದು ಕಟಕಟ?" ಬೇಲಿಯಾಚೆಯಿಂದ ಪಕ್ಕದ ಮನೆಯ ಡೆಲ್ಬರ್ಟ್ ಕೂಗಿದ. ಡೆಲ್ಬರ್ಟ್ ಜೀವಮಾನವೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡಿದವನು. ರಿಪೇರಿ ಅನ್ನೋ ವಾಸನೆ ಬಿದ್ದರೆ ಸಾಕು, ಕರೆಯದಿದ್ದರೂ ಬರುತ್ತಿದ್ದ.

"ಉರುಳೆ ಕಚ್ಕೊಂಡಿದೆ ಕಣೋ."

"ಕೊಡಿಲ್ಲಿ. ಟ್ರ್ಯಾಕ್ಟರೇ ನನ್ನ ಮಾತು ಕೇಳತ್ತೆ, ಇದ್ಯಾವ ಲೆಕ್ಕ?"

ಎಲ್ಡನ್ ಬೇಡ ಅನ್ನುವಷ್ಟರಲ್ಲಿ ಸ್ಕ್ರೂಗಳು ಮೇಜಿನ ಮೇಲಿದ್ದವು. ಮರುಕ್ಷಣ ಒಂದು ಸ್ಪ್ರಿಂಗು ಟಣ್ಣನೆ ಹಾರಿ, ಎಲ್ಡನ್‌ನ ಹೆಂಡತಿ ಮಾರ್ವಾ ಅವತ್ತಿನ ಅಡಿಗೆ ಸ್ಪರ್ಧೆಗೆಂದು ಕಲಸುತ್ತಿದ್ದ ಪೀಚ್ ಹಣ್ಣಿನ ಪಾಯಸದಂಥ ಹೂರಣದೊಳಗೆ ಮಾಯವಾಯಿತು.

"ನನ್ನ ಹೂರಣಕ್ಕೆ ಯಾರಾದ್ರೂ ಕೈ ಹಾಕಿದ್ರೆ ಆ ಕೈ ಮುರೀತೀನಿ!" ಅಂದಳು ಮಾರ್ವಾ.

"ಕೈ ಹಾಕ್ದೆ ಹೇಗೆ ತೆಗೀಲೇ?"

"ಹಾಕ್ದೇನೇ ತೆಗಿ. ನೀನು ಮಾರ್ಷಲ್ ಅಲ್ವಾ?"

ಕೊನೆಗೆ ಅವಳೇ ಬೈಯುತ್ತ ಸೌಟಿನಲ್ಲಿ ಜಾಲಾಡಿಸಿ ಸ್ಪ್ರಿಂಗು ತೆಗೆದುಕೊಟ್ಟಳು. ಡೆಲ್ಬರ್ಟ್ ಅದನ್ನು ನೆಕ್ಕಿ, ಒರೆಸಿ, ಒಳಗೆ ಕೂರಿಸಿದ. ಎಲ್ಲ ಬಿಗಿದ ಮೇಲೂ ಮೇಜಿನ ಮೇಲೆ ಒಂದು ಸ್ಕ್ರೂ ಮಿಕ್ಕಿತು.

"ಇದು?" ಎಲ್ಡನ್ ಕೇಳಿದ.

"ಕಂಪನಿಯೋರು ಒಂದು ಜಾಸ್ತಿ ಹಾಕಿರ್ತಾರೆ ಬಿಡು," ಎಂದು ಡೆಲ್ಬರ್ಟ್ ಅದನ್ನು ಜೇಬಿಗೆ ಹಾಕಿಕೊಂಡ.

ಈಗ ಉರುಳೆ ತಿರುಗಿತು. ಎಷ್ಟು ತಿರುಗಿತೆಂದರೆ ಗಾಳಿಗೆ ಸಿಕ್ಕ ಗಿರಗಿಟ್ಲೆಯ ಹಾಗೆ ನಿಲ್ಲುವುದನ್ನೇ ಮರೆಯಿತು. ಟ್ರಿಗರ್ ಒತ್ತಿದರೆ ಒಮ್ಮೆ ಟಿಕ್ ಅನ್ನುತ್ತಿತ್ತು, ಇನ್ನೊಮ್ಮೆ ಅದೂ ಇಲ್ಲ.

ಎಲ್ಡನ್ ಪಿಕಪ್ ಗಾಡಿ ಹತ್ತಿ, ರಿವಾಲ್ವರ್ ಕೊಂಡಿದ್ದ ಪಕ್ಕದ ಊರಿನ ಅಂಗಡಿಗೆ ಓಡಿದ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದ. ಅಂಗಡಿಯ ಪಿಯರ್ಸನ್ ಎಲ್ಲವನ್ನೂ ಶಾಂತವಾಗಿ ಕೇಳಿ, ಸೀಸವಿಲ್ಲದ ಹುಸಿ ತೋಟಾ ತುಂಬಿ, ಹಿತ್ತಲಿಗೆ ಹೋಗಿ ಆಕಾಶಕ್ಕೆ ಹೊಡೆದ. ಢಂ. ಢಂ. ಢಂ. ಉರುಳೆ ಖಾಲಿಯಾಗುವ ತನಕ ಒಂದೂ ತಪ್ಪಲಿಲ್ಲ.

"ಸಾರ್, ರಿವಾಲ್ವರ್ ಚೆನ್ನಾಗಿದೆ," ಅಂದ ಪಿಯರ್ಸನ್. "ಹೊಸಬರ ಕೈಯಲ್ಲಿ ಸ್ವಲ್ಪ ನಾಚ್ಕೊಳ್ಳತ್ತೆ ಅಷ್ಟೇ."

ಮೈಯೆಲ್ಲ ನಾಚಿಕೆಯಾಗಿ, ಎಲ್ಡನ್ ಮತ್ತೆ ಹುಸಿ ತೋಟಾ ತುಂಬಿಸಿಕೊಂಡು, ಥ್ಯಾಂಕ್ಸ್ ಹೇಳಿ ವಾಪಸಾದ.

ನಡುಬೀದಿಯಲ್ಲಿ ಊರಿಗೆ ಊರೇ ಸೇರಿತ್ತು. ಬಸ್ಸಿನ ಮಕ್ಕಳೆಲ್ಲ ಮುಂದಿನ ಸಾಲಿನಲ್ಲಿ. ಈ ವರ್ಷದ ದರೋಡೆಕೋರ ಲೋವೆಲ್, ಊರಿನ ಶವಸಂಸ್ಕಾರದ ಮನೆಯ ಯಜಮಾನ. ಬೇರೆಯವರ ಸಾವನ್ನು ಅಚ್ಚುಕಟ್ಟಾಗಿ ನಡೆಸಿಕೊಟ್ಟವನಿಗೆ ತನ್ನದೂ ಹಾಗೇ ಆಗಬೇಕೆಂಬ ಆಸೆ. ಚೀಲ ಹಿಡಿದು ಬ್ಯಾಂಕಿನಿಂದ ಧಾವಿಸಿ ಬಂದ.

"ಅಲ್ಲೇ ನಿಲ್ಲು!" ಎಲ್ಡನ್ ಗುಡುಗಿ ಟ್ರಿಗರ್ ಒತ್ತಿದ.

ಟಿಕ್.

ಲೋವೆಲ್ ಆಗಲೇ ಎದೆ ಹಿಡಿದು ಅರ್ಧ ಬಾಗಿದ್ದ. ಸದ್ದು ಬರಲಿಲ್ಲವೆಂದು ಮತ್ತೆ ನೆಟ್ಟಗಾದ. ಎಲ್ಡನ್ ಮತ್ತೆ ಒತ್ತಿದ. ಟಿಕ್. ಲೋವೆಲ್ ಮತ್ತೆ ಬಾಗಿದ, ಮತ್ತೆ ಎದ್ದ.

"ಹೊಡಿಯೋ ಮಾರಾಯ, ಬೆನ್ನು ಹಿಡ್ಕೊಂತು," ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನೀನಾದ್ರೂ ಹೊಡಿ, ಅಷ್ಟರಲ್ಲಿ ಇದನ್ನ ಸರಿಮಾಡ್ತೀನಿ."

ಲೋವೆಲ್ ತನ್ನದನ್ನು ಎತ್ತಿದ. ಅದರ ಹಿಡಿಕೆಯ ಮರ ಕಳಚಿ ಅವನ ಪಾದದ ಮೇಲೆ ಬಿತ್ತು. ಜನ ಕಿಸಕ್ಕೆಂದರು. ದಿಕ್ಕು ತೋಚದ ಎಲ್ಡನ್, "ಢಂ!" ಎಂದು ಬಾಯಲ್ಲೇ ಕೂಗಿದ.

"ಬಾಯಲ್ಲಿ ಹೊಡೆದ್ರೆ ನಾನು ಸಾಯಲ್ಲ," ಅಂದ ಲೋವೆಲ್ ಎಲ್ಲರಿಗೂ ಕೇಳುವಂತೆ. "ನನಗೂ ಒಂದು ಮರ್ಯಾದೆ ಇದೆ."

ಎಲ್ಡನ್ ಸೋತು ರಿವಾಲ್ವರನ್ನು ಸೊಂಟದ ಒರೆಗೆ ತುರುಕಿದ. ಅದಕ್ಕೆ ಆಗಲೇ ಬುದ್ಧಿ ಬಂದದ್ದು. ಢಂ! ಹೊಗೆ ಎದ್ದಿತು. ಬೆದರಿದ ಎಲ್ಡನ್ ಮೇಲಕ್ಕೆ ಹಾರಿ, ಹಿಂದಕ್ಕೆ ಎಡವಿ, ಕುದುರೆಗೆ ನೀರಿಟ್ಟಿದ್ದ ತೊಟ್ಟಿಗೆ ಬೆನ್ನಡಿಯಾಗಿ ಬಿದ್ದ. ಮೇಲೆ ಕಂಡದ್ದು ಎರಡು ಬೂಟು ಮಾತ್ರ. ಲೋವೆಲ್ ಬಗ್ಗಿ ನೋಡಿ, ಟೋಪಿ ತೆಗೆದು ಎದೆಗಿಟ್ಟುಕೊಂಡು, ಕಸುಬಿನವನ ಗಾಂಭೀರ್ಯದಿಂದ ತಲೆಬಾಗಿ, ಚೀಲ ಹೆಗಲಿಗೇರಿಸಿ ನಡೆದುಹೋದ.

ಜನ ಬಿದ್ದು ಬಿದ್ದು ನಕ್ಕರು. ಮಕ್ಕಳು ಕುಣಿದರು.

ಎಲ್ಡನ್ ತೊಟ್ಟಿಯಿಂದ ಎದ್ದು ನೀರು ಹಿಂಡಿಕೊಳ್ಳುತ್ತಿದ್ದಾಗ, ಆಟ ನೋಡಲು ಬಂದಿದ್ದ ಪಿಯರ್ಸನ್ ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು ಓಡಿ ಬಂದ. "ಸಾರ್, ತಪ್ಪು ನಮ್ಮದೇ. ಎರಡನ್ನೂ ಬದಲಾಯಿಸಿ ಕೊಡ್ತೀನಿ. ಒಂದೊಂದನ್ನೂ ನಾನೇ ಪರೀಕ್ಷೆ ಮಾಡಿ ಕೊಡ್ತೀನಿ."

ಎಲ್ಡನ್‌ಗೆ ಹೋದ ಜೀವ ಬಂದಂತಾಯಿತು. "ಕೊಡಪ್ಪಾ ಕೊಡು. ಬರೋ ವರ್ಷ ತೋರಿಸ್ತೀನಿ ಮಾರ್ಷಲ್ ಅಂದ್ರೆ ಏನು ಅಂತ."

"ಯಾವುದನ್ನೂ ಬದಲಾಯಿಸೋ ಹಾಗಿಲ್ಲ!" ಸಮಿತಿಯ ಅಧ್ಯಕ್ಷೆ ಬರ್ನಿಸ್ ಮೇಡಂ ಕಣ್ಣೀರು ಒರೆಸಿಕೊಳ್ಳುತ್ತ ಬಂದರು, ನಕ್ಕು ಬಂದ ಕಣ್ಣೀರು. "ಈ ಊರು ಹೀಗೆ ನಕ್ಕಿದ್ದನ್ನ ನಾನು ಕಂಡೇ ಇಲ್ಲ. ಇನ್ಮೇಲೆ ಪ್ರತಿವರ್ಷ ಹೀಗೇ. ಟಿಕ್, ಟಿಕ್, ತೊಟ್ಟಿ. ಮಾರ್ಷಲ್ ಸಾಯಬೇಕು, ದರೋಡೆಕೋರ ಗೆದ್ದು ಹೋಗಬೇಕು. ಎಲ್ಡನ್, ಈ ಪಾತ್ರ ಇನ್ನು ನಿನಗೇ ಖಾಯಂ."

ಎಲ್ಡನ್‌ನ ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ನಕ್ಷತ್ರ ಬಿಚ್ಚಿ ಮುಂದೆ ಹಿಡಿದ. "ಬೇಡ ಮೇಡಂ. ನನ್ನ ಹಳೇ ಪಾತ್ರಾನೇ ನನಗೆ ವಾಪಸ್ ಕೊಟ್ಬಿಡಿ. ದರೋಡೆಕೋರ ಆಗಿ ನನಗೆ ಅಭ್ಯಾಸ ಇದೆ."

"ಅದು ಹೇಗಾಗತ್ತೆ?" ಲೋವೆಲ್ ಹಣದ ಚೀಲವನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡ. "ಆ ಪಾತ್ರ ಈಗಷ್ಟೇ ಬದುಕಿಕೊಂಡಿದೆ. ನಾನು ಬಿಡಲ್ಲ."