ಜಮಖಂಡಿಯ ಥಾಯ್ ಊಟ ಮತ್ತು ನಮ್ಮ ಕಾಕಾನ ಖಾಲಿ ತಾಟು

ನನಗೆ ಡಿಗ್ರಿ ಬರುವುದು ಶಕ್ಯವೇ ಇಲ್ಲ ಎಂದು ಮೊಟ್ಟಮೊದಲು ಹೇಳಿದವರು ನಮ್ಮ ನಿಂಗಪ್ಪ ಕಾಕಾ. ಅವರಾದ ಮೇಲೆ ಬೇಕಾದಷ್ಟು ಜನ ಹೇಳಿದರು. ಓಣಿಯವರು ಹೇಳಿದರು, ಬೀಗರು ಹೇಳಿದರು. ಪ್ರತಿ ವರ್ಷ ಪರೀಕ್ಷೆಗೆಂದು ರಬಕವಿಯಿಂದ ಜಮಖಂಡಿಗೆ ಹೋಗುವಾಗ ಬಸ್ಸಿನಲ್ಲಿ ಸಿಗುತ್ತಿದ್ದ ಕಂಡಕ್ಟರು ಕೂಡ "ಈ ವರ್ಷಾನೂ ಐತೇನ್ರೀ ಅಕ್ಕಾರ?" ಎಂದು ಕೇಳುವ ಧಾಟಿಯಲ್ಲಿಯೇ ಅದನ್ನು ಹೇಳಿಬಿಡುತ್ತಿದ್ದರು. ಆದರೆ ಮೊದಲಿಗರ ಮಾನ ಮೊದಲಿಗರಿಗೇ ಸಲ್ಲಬೇಕು. ನಿಜ ಹೇಳುತ್ತೇನೆ, ಹುರಿದುಂಬಿಸುವವರಿಗಿಂತ 'ಆಗೂದಿಲ್ಲ' ಎನ್ನುವವರ ಮೇಲೆ ನನಗೆ ಭರವಸೆ ಹೆಚ್ಚು. 'ಓದವ್ವಾ, ಛಲೋ ಆಗ್ತೈತಿ' ಎಂದವರು ಮರುದಿನವೇ ಮರೆತುಬಿಡುತ್ತಾರೆ. 'ಆಗೂದಿಲ್ಲ' ಎಂದವರು ಮಾತ್ರ ಫಲಿತಾಂಶದ ದಿನ ನಮಗಿಂತ ಮೊದಲು ಎದ್ದು ಕೂತಿರುತ್ತಾರೆ.

ಕಾಕಾ ನಮ್ಮಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಮನೆಯ ಎರಡು ಪವರ್‌ಲೂಮುಗಳನ್ನೂ, ಅವುಗಳಿಗಿಂತ ಹೆಚ್ಚು ಸದ್ದು ಮಾಡುವ ನನ್ನನ್ನೂ ಸಂಭಾಳಿಸಿದವರು. ಮಗ್ಗದ ಸದ್ದಿನಲ್ಲಿ ನಲವತ್ತು ವರ್ಷ ಕಳೆದವರಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿರುತ್ತದೆ. ನಾನು ಹತ್ತನೆಯ ತರಗತಿ ಮುಗಿಸಿ, ಕೆಲವು ವರ್ಷ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಿ, ಆಮೇಲೆ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಂದಲೇ ಪಿಯುಸಿ ಕಟ್ಟಿ ಪಾಸಾಗಿದ್ದೆ. ಇನ್ನು ಬಿ.ಎ.ಗೂ ಕಟ್ಟುತ್ತೇನೆ ಎಂದ ದಿನ ಕಾಕಾ ಮಗ್ಗದ ಪಕ್ಕ ನಿಂತು ಕೂಗಿದರು: "ಕಮಲೀ, ನಮ್ಮ ಮನಿತನದಾಗ ಹತ್ತನೇತ್ತಾ ದಾಟಿದಾಕಿ ನೀ ಒಬ್ಬಾಕಿ. ಅಷ್ಟ ಸಾಕು. ಡಿಗ್ರಿ ನಮ್ಮಂಥವ್ರಿಗೆ ಬರೂದಿಲ್ಲ!" ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ಸುಮ್ಮನಾದವು. ಕಾಕಾ ಮಾತ್ರ ಅದೇ ದನಿಯಲ್ಲಿ ಮುಂದುವರಿಸಿದರು: "ಬಂದಿದ್ದ ಖರೆ ಆದರ, ನೀ ಎಲ್ಲಿ ಕರೀತಿ ಅಲ್ಲಿ ಬಂದು ನಿನ್ನ ಊಟಾ ಉಣತೀನಿ!" ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಕರೆಂಟು ಇದ್ದಿದ್ದರೆ ಅದು ನಮ್ಮ ಮನೆಯ ಮಾತಾಗಿ ಉಳಿಯುತ್ತಿತ್ತು. ಹೋದದ್ದರಿಂದ ಕರಾರಾಯಿತು.

ನಾನು ಓದಿದ್ದು ಬೆಳಗಿನ ನಲ್ಲಿಯ ನೀರಿನ ಲೆಕ್ಕದಲ್ಲಿ. ಐದಕ್ಕೆ ಏಳುವುದು, ನೀರು ಬರುವವರೆಗೆ ಓದುವುದು, ನೀರು ಬಂತೆಂದರೆ ಪುಸ್ತಕ ಮುಚ್ಚಿ ಕೊಡ ಹಿಡಿಯುವುದು. ಹೀಗಾಗಿ ನೀರು ತಡವಾಗಿ ಬಂದ ವರ್ಷ ನನಗೆ ಇತಿಹಾಸದಲ್ಲಿ ಒಳ್ಳೆಯ ಅಂಕ ಬಂದವು. ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ನಪಾಸಾದೆ. ಮೂರನೆಯ ಸಲ ಪಾಸಾದೆ. ಎಷ್ಟು ಅಂಕ ಎಂದು ಸಂತೋಷದ ಸಮಯದಲ್ಲಿ ಯಾರೂ ಕೇಳಬಾರದು. ಕೊನೆಗೆ ಸರ್ಟಿಫಿಕೇಟು ಕೈಗೆ ಬಂದ ದಿನ ನಾನು ತೀರ್ಮಾನಿಸಿದೆ: ಕಾಕಾನನ್ನು ಊಟಕ್ಕೆ ಕರೆಯಬೇಕು, ಅವರು ಹೊಟ್ಟೆತುಂಬ ಉಣ್ಣಬೇಕು, ಉಂಡ ಮೇಲೆ ಸರ್ಟಿಫಿಕೇಟನ್ನು ಅವರ ಕೈಗೆ ಕೊಡಬೇಕು, ಆಗ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕು. ವಿಶ್ವವಿದ್ಯಾಲಯ ಪಾಸು ಮಾಡಿದ್ದು ದೊಡ್ಡದೇ. ಆದರೆ ನಮ್ಮ ಮನೆಯಲ್ಲಿ ಕಾಕಾ ಪಾಸು ಮಾಡದೆ ಯಾರೂ ಪಾಸಾದಂತಲ್ಲ.

ಮನೆಯಲ್ಲೇ ಹೋಳಿಗೆ ಮಾಡಿ ಹಾಕಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಮನೆಯಲ್ಲಿ ಮಾಡುವವಳು ಅವ್ವ. ಅದು ಅವ್ವನ ಊಟವಾಗುತ್ತದೆಯೇ ಹೊರತು ನನ್ನ ಊಟ ಹೇಗಾದೀತು? ಅದೂ ಅಲ್ಲದೆ ಡಿಗ್ರಿ ಬಂದ ಹೊಸತರಲ್ಲಿ ಮನುಷ್ಯನಿಗೆ ಗೊತ್ತಿದ್ದದ್ದನ್ನು ನಾಲ್ಕು ಜನಕ್ಕೆ ತೋರಿಸುವ ಒಂದು ತುರಿಕೆ ಇರುತ್ತದೆ. ಅದೇ ಸುಮಾರಿಗೆ ಜಮಖಂಡಿಯಲ್ಲಿ ಒಂದು ಹೊಸ ಹೋಟೆಲು ತೆರೆದಿತ್ತು. ಚಿಮ್ಮಡದ ಸದಾಶಿವ ಎಂಬವರು ಗೋವಾದ ದೊಡ್ಡ ಹೋಟೆಲಿನಲ್ಲಿ ಹನ್ನೆರಡು ವರ್ಷ ಅಡುಗೆ ಮಾಡಿ, ಊರಿಗೆ ಮರಳಿ, ಹೆಂಡತಿಯನ್ನು ಜೊತೆಗೆ ಹಾಕಿಕೊಂಡು ಶುರುಮಾಡಿದ್ದು. ಬೋರ್ಡಿನ ಮೇಲೆ 'ಥಾಯ್ – ವಿಯೆಟ್ನಾಂ ಊಟ, ಮಧ್ಯಾಹ್ನ ಬಫೆ, ಮೂರರವರೆಗೆ' ಎಂದು ಬರೆದು, ಅದರ ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ 'ಶುದ್ಧ ಶಾಕಾಹಾರಿ' ಎಂದು ಬರೆಸಿದ್ದರು. ಥಾಯ್ಲೆಂಡಿನವರು ನೋಡಿದರೆ ಗಾಬರಿಯಾಗುತ್ತಿದ್ದರೇನೋ, ನಮಗೆ ಮಾತ್ರ ಧೈರ್ಯ ಬಂತು. ರೇಟು ಖಾನಾವಳಿಗಿಂತ ತುಸು ಹೆಚ್ಚು, ಅಷ್ಟೇ. ಅಂಗಡಿಯ ಗೆಳತಿಯರ ಜೊತೆ ನಾನು ಒಮ್ಮೆ ಹೋಗಿಬಂದಿದ್ದೆ. ಒಮ್ಮೆ ಹೋಗಿಬಂದವರಿಗೆ ಇರುವಷ್ಟು ತಿಳಿವಳಿಕೆ ಅಲ್ಲಿಯೇ ಹುಟ್ಟಿ ಬೆಳೆದವರಿಗೂ ಇರುವುದಿಲ್ಲ.

ಸರಿ, ಒಂದು ರವಿವಾರ ಕಾಕಾ, ಅವ್ವ, ನಾನು ಮೂವರೂ ಹೋದೆವು. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣೆಗೆ ಮೂರು ಬೆರಳ ವಿಭೂತಿ ಹಚ್ಚಿ, ಹೆಗಲ ಮೇಲೆ ಹೊಸ ಟಾವೆಲ್ಲು ಹಾಕಿಕೊಂಡು, ನಿಶ್ಚಯಕ್ಕೆ ಹೋಗುವವರಂತೆ ಬಂದಿದ್ದರು. ಮೇಜಿನ ಮೇಲೆ ಕಾಗದದ ಹೊದಿಕೆಯಲ್ಲಿ ಎರಡೆರಡು ಕಡ್ಡಿಗಳಿದ್ದವು. ಕಾಕಾ ಬಿಚ್ಚಿ, ಬೆರಳಿನಿಂದ ಸವರಿ, "ಇವು ಹಾಸಿನ ಎಳಿ ಬಿಡಿಸೂ ಕಡ್ಡಿ ಇದ್ದಂಗ ಅದಾವಲ್ಲ. ಇಷ್ಟ ಸಣ್ಣ ಮಗ್ಗ ಎಲ್ಲಿ ಐತಿ ಇಲ್ಲಿ?" ಎಂದರು. ನಾನು ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದೆ. ಕಡ್ಡಿಯಿಂದ ಶ್ಯಾವಿಗೆ ಎತ್ತುವುದು ಹೇಗೆ, ತೆಂಗಿನ ಹಾಲಿನ ಹಸಿರು ಸಾರನ್ನು ಅನ್ನಕ್ಕೆ ಎಷ್ಟು ಹಾಕಿಕೊಳ್ಳಬೇಕು, ತೆಳ್ಳಗಿನ ಅಕ್ಕಿ ಹಾಳೆಯಲ್ಲಿ ಸುತ್ತಿದ ಸೊಪ್ಪನ್ನು ಯಾವ ಚಟ್ನಿಯಲ್ಲಿ ಅದ್ದಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಫೆ ಎಂದರೆ ಏನು. "ಕಾಕಾ, ಇಲ್ಲಿ ಯಾರೂ ನೀಡೂದಿಲ್ರಿ. ತಾಟ ಹಿಡಕೊಂಡ ಹೋಗಬೇಕು, ಬೇಕಾದ್ದ ತಗೋಬೇಕು, ಎಷ್ಟ ಸಲಾನೂ ಹೋಗಬಹುದು. ನಾಚಬಾರದು." ಈ 'ನಾಚಬಾರದು' ಎಂಬುದನ್ನು ನಾನು ಶಿಕ್ಷಕಿಯಂತೆ ಬೆರಳು ಎತ್ತಿ ಹೇಳಿದೆನೆಂದು ಅವ್ವ ಈಗಲೂ ಅಣಕಿಸುತ್ತಾಳೆ.

ನಾನು ತಾಟು ತುಂಬಿಕೊಂಡು ಬಂದೆ. ಅವ್ವ ತನ್ನ ತಾಟಿನೊಡನೆ ಎಲ್ಲ ಪಾತ್ರೆಗಳ ಮುಚ್ಚಳ ತೆಗೆದು, ಪ್ರತಿಯೊಂದಕ್ಕೂ ನಾಮಕರಣ ಮಾಡುತ್ತ ಬಂದಳು. "ಇದು ಶ್ಯಾವಿಗಿ. ಇದು ಪಚಡಿ, ಪಪ್ಪಾಯಿ ಕಾಯಿದು. ಇದು ಶೇಂಗಾ ಚಟ್ನಿ, ಬೆಲ್ಲ ಹೆಚ್ಚಾಗೇತಿ. ಇಷ್ಟಕ್ಕ ಅಷ್ಟ ದೂರದ ಹೆಸರ ಯಾಕ ಇಟ್ಟಾರೋ!" ಕಾಕಾ ಮಾತ್ರ ಅಲ್ಲಾಡಲಿಲ್ಲ. ಖಾಲಿ ತಾಟನ್ನು ಮುಂದಿಟ್ಟುಕೊಂಡು, ಕೈ ಎರಡೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. "ಕಾಕಾ, ಹೋಗಿ ತಗೊಂಡ ಬರ್ರಿ" ಎಂದೆ. "ಉಣ್ರಿ ನೀವು. ನನಗ ಹಸಿವಿಲ್ಲ" ಎಂದರು. ನಾನು ಒಂದು ಅಕ್ಕಿ ಹಾಳೆಯ ಸುರುಳಿಯನ್ನು ಎತ್ತಿ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಒಳಗಿನ ಗಜ್ಜರಿಯ ಎಳೆ ಎಣಿಸುವವರಂತೆ ನೋಡಿ, "ಭಾಳ ನಾಜೂಕ ನೇಯ್ಗಿ. ನೂರನೇ ನಂಬರ ನೂಲಿನ ಅರಿವಿ ಇದ್ದಂಗ ಐತಿ" ಎಂದು ಮೆಚ್ಚಿ, ತಿನ್ನದೆ ನನ್ನ ತಾಟಿಗೇ ಮರಳಿ ಇಟ್ಟರು.

ಸದಾಶಿವ ಬಂದು ಕೈ ಮುಗಿದರು. "ಯಾಕ್ರಿ ಯಜಮಾನ್ರ, ನಮ್ಮ ಊಟ ಹಿಡಿಸಲಿಲ್ಲೇನ್ರಿ?"

"ಛಲೋ ಐತ್ರಿ, ಭಾಳ ಛಲೋ ಐತಿ" ಎಂದರು ಕಾಕಾ, ಖಾಲಿ ತಾಟಿನ ಮುಂದೆ.

"ಏನೂ ತಗೊಂಡ ಇಲ್ಲಲ್ರಿ?"

"ನೋಡಾಕ ಛಲೋ ಐತಿ."

ಗೋಡೆಯ ಗಡಿಯಾರದಲ್ಲಿ ಎರಡೂವರೆ ದಾಟಿತ್ತು. ನನಗೆ ಒಳಗೊಳಗೇ ಉರಿಯತೊಡಗಿತು. ನನ್ನ ತಲೆಗೆ ಬಂದದ್ದು ಇಷ್ಟೇ: ಕಾಕಾ ಮಾತು ತಪ್ಪಿಸುವ ದಾರಿ ಹುಡುಕುತ್ತಿದ್ದಾರೆ. ಬಂದದ್ದಂತೂ ಬಂದರು, ಆದರೆ ಉಣ್ಣದೆ ಎದ್ದು ಹೋದರೆ ಓಣಿಯಲ್ಲಿ 'ನಾ ಎಲ್ಲಿ ಉಂಡೆ?' ಎನ್ನಬಹುದು. ಅವರು ಉಣ್ಣದಿದ್ದರೆ ಸರ್ಟಿಫಿಕೇಟನ್ನು ಚೀಲದಿಂದ ತೆಗೆಯುವುದಾದರೂ ಹೇಗೆ? ಏಳು ವರ್ಷದ ಓದು ಒಂದು ಖಾಲಿ ತಾಟಿನ ಮುಂದೆ ಕೂತುಬಿಟ್ಟಿತ್ತು. ಇನ್ನೊಂದು ಸಲ ಕೇಳೋಣವೆಂದರೆ ನನಗೂ ಸ್ವಾಭಿಮಾನ. ಪದವೀಧರಳ ಸ್ವಾಭಿಮಾನ ಬೇರೆ. ಒಮ್ಮೆ 'ಹಸಿವಿಲ್ಲ' ಎಂದವರನ್ನು ಒತ್ತಾಯ ಮಾಡಬಾರದು, ಅದು ಸುಶಿಕ್ಷಿತರ ಲಕ್ಷಣವಲ್ಲ ಎಂದು ಎಲ್ಲಿಯೋ ಓದಿದ್ದೆ. ಸುಮ್ಮನೆ ಶ್ಯಾವಿಗೆ ತಿಂದೆ. ಕಡ್ಡಿಯಿಂದ ಎತ್ತಿದ್ದರಲ್ಲಿ ಅರ್ಧ ಬಾಯಿಗೆ, ಅರ್ಧ ಸೆರಗಿಗೆ ಹೋಯಿತು.

ಎರಡೂ ಮುಕ್ಕಾಲಿಗೆ ಸದಾಶಿವರ ಹೆಂಡತಿ ಒಂದೊಂದೇ ಪಾತ್ರೆಯ ಕೆಳಗಿನ ಉರಿ ಆರಿಸುತ್ತ ಬಂದರು. ಕಾಕಾ ಕೈ ತೊಳೆಯುವ ಕಡೆ ಎದ್ದು ಹೋದರು. ಕೈಗೆ ಏನೂ ಹತ್ತದಿದ್ದರೂ ತೊಳೆಯಲು ಹೋದದ್ದು ನೋಡಿ ಅವ್ವನಿಗೆ ತಡೆಯಲಾಗಲಿಲ್ಲ. ನನ್ನ ಮೊಣಕೈ ಚಿವುಟಿದಳು.

"ಏ ಹುಚ್ಚೀ, ಅಂಗಡ್ಯಾಗ ಗಿರಾಕಿ ಒಲ್ಲೆ ಅಂತ ಎದ್ದ ನಿಂತರೂ ಇನ್ನ ಹತ್ತ ಸೀರಿ ಬಿಚ್ಚಿ ಹರವತಿ. ನಿಮ್ಮ ಕಾಕಾ ಒಮ್ಮೆ ಒಲ್ಲೆ ಅಂದಕೂಡ್ಲೆ ಬಿಟ್ಟ ಕುಂತೀಯಲ್ಲ?"

"ಅವ್ರಿಗೆ ಹಸಿವಿಲ್ಲಂತ ಬೇ."

"ಹಸಿವಿಲ್ಲಂತ! ಮುಂಜಾನಿಂದ ಒಂದ ಕಪ್ ಚಾದ ಮ್ಯಾಲ ಅದಾನ. ಮಗಳ ಊಟಾ ಐತಿ ಅಂತ ನಾಷ್ಟಾ ಸೈತ ಮಾಡಿಲ್ಲ. ಕರದಾಕಿ ನೀನು, ನೀಡಾಕಿ ಯಾರು? ತನ್ನ ಕೈಲೆ ತಾನ ಬಡಿಸ್ಕೊಂಡ ಉಂಡರ ಅದು ಕರದ ಊಟ ಅನಸ್ತೈತೇನ? ಹ್ವಾದ ವರ್ಷ ಬೀಗರ ಮದುವ್ಯಾಗೂ ಇದಽ ಬಫೆ. ಹಂಗಽ ಉಪವಾಸ ಬಂದು ಮನ್ಯಾಗ ಎರಡ ರೊಟ್ಟಿ ತಿಂದ. ನಿನಗ ಗೊತ್ತಿಲ್ಲ, ನೀ ಓದಾಕತ್ತಿದ್ದಿ."

ನಮ್ಮ ಕಡೆ ಉಣ್ಣುವುದಕ್ಕೂ ಒಂದು ಕ್ರಮವಿದೆ. ಮೊದಲನೆಯ 'ಒಲ್ಲೆ' ಬರೀ ನಮಸ್ಕಾರ. ಎರಡನೆಯ 'ಒಲ್ಲೆ' ಎಂದರೆ ನೀಡುವವರಿಗೆ ಮನಸ್ಸಿದೆಯೋ ಇಲ್ಲವೋ ಎಂಬ ಪರೀಕ್ಷೆ. ಮೂರನೆಯ ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿದಾಗ ಬೆರಳ ಸಂದಿನಲ್ಲಿ ಇನ್ನೊಂದಿಷ್ಟು ಬಿಡಬೇಕು. ಆಗ ಉಂಡವರಿಗೂ ತೃಪ್ತಿ, ನೀಡಿದವರಿಗೂ ಪುಣ್ಯ. ಇದನ್ನೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದವಳು. ಒಂದು ಬಿ.ಎ. ಬರುವಷ್ಟರಲ್ಲಿ ಮರೆತಿದ್ದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಹಸಿರು ಸಾರಿನ ಪಾತ್ರೆಯನ್ನೇ ಹಿಡಿಕೆಯಿಂದ ಎತ್ತಿದೆ. ಸದಾಶಿವರ ಹೆಂಡತಿ "ಅಕ್ಕಾರ, ಅದು ಅಲ್ಲೇ ಇರಬೇಕ್ರೀ" ಎನ್ನುವುದರೊಳಗೆ ಕಾಕಾ ಮರಳಿ ಬಂದು ಕೂತಿದ್ದರು. ತಾಟಿಗೆ ಅನ್ನ ಹಾಕಿ ಸಾರು ಬಿಟ್ಟೆ.

"ಏ, ಒಲ್ಲೆ ಒಲ್ಲೆ" ಎಂದರು ಕಾಕಾ. ಆ 'ಒಲ್ಲೆ'ಯಲ್ಲಿ ಜೀವ ಬಂದಿತ್ತು.

"ಇಷ್ಟ ತಗೋರಿ ಕಾಕಾ."

"ಸಾಕಲೇ, ನನ್ನ ಹೊಟ್ಟಿ ಏನ ಜ್ವಾಳಾ ತುಂಬೂ ಹಗೇ ಐತೇನ?"

"ನನ್ನ ಆಣಿ ಐತ್ರಿ, ಇನ್ನೊಂದ ಚಮಚೆ."

ಅವರು ಕೈ ಅಡ್ಡ ಹಿಡಿದರು. ಬೆರಳ ಸಂದಿನಲ್ಲಿ ಬಿಟ್ಟೆ. ಆಮೇಲೆ ಶ್ಯಾವಿಗೆ, ಪಚಡಿ, ನಾಜೂಕು ನೇಯ್ಗೆಯ ಸುರುಳಿ ನಾಲ್ಕು. ಕಾಕಾ ಕಡ್ಡಿಗಳನ್ನು ಬದಿಗಿಟ್ಟು ಐದೂ ಬೆರಳಿನಿಂದ ಉಣ್ಣತೊಡಗಿದರು. ಪಾತ್ರೆ ಹಿಡಿದು ತಿರುಗುವಾಗ ಪಕ್ಕದ ಮೇಜಿನಲ್ಲಿ ಒಬ್ಬನೇ ಕೂತಿದ್ದ ತರುಣನ ತಾಟಿಗೂ ಕೈ ತಾನಾಗಿ ಹೋಯಿತು. ಆತ ಮೊಬೈಲಿನಿಂದ ಕಣ್ಣೆತ್ತಿ, ಗಾಬರಿಯಾಗಿ, ಆಮೇಲೆ ತಾನೂ ನಮ್ಮ ಕಡೆಯವನೇ ಎಂದು ನೆನಪಾದವನಂತೆ "ಸಾಕ್ರಿ ಅಕ್ಕಾರ" ಎಂದ. ಅವ್ವ ಬಿಡುವಳೇ? "ವಯಸ್ಸಿನ ಹುಡುಗ್ರು ಹಿಂಗ ಉಂಡರ ಹೆಂಗೋ ತಮ್ಮಾ" ಎಂದು ಅವನಿಗೆ ಶ್ಯಾವಿಗೆ ಹೇರಿದಳು. ಗಡಿಯಾರ ಮೂರು ದಾಟಿದ್ದನ್ನು ಸದಾಶಿವ ನೋಡಿದರು. ನಾವು ನೋಡಿದ್ದನ್ನೂ ನೋಡಿದರು. ಉಳಿದ ಸಾರನ್ನು ತಾವೇ ಬಿಸಿ ಮಾಡಿ ತಂದು ಕಾಕಾನ ಮುಂದೆ ಬಗ್ಗಿದರು. "ಸಾಕ್ರಿಯಪ್ಪಾ, ಖರೇನ ಸಾಕು" ಎಂದರು ಕಾಕಾ. ಸದಾಶಿವ ಪಾತ್ರೆ ಹಿಡಿದು ಹಾಗೆಯೇ ನಿಂತರು. "ಹನ್ನೆರಡ ವರ್ಷ ಬಫೆ ಇಟ್ಟೇನ್ರಿ ಯಜಮಾನ್ರ. ಒಬ್ಬರೂ ನನಗ ಸಾಕು ಅಂದಿದ್ದಿಲ್ಲ."

ಉಂಡಾದ ಮೇಲೆ ಕಾಕಾ ತಾಟಿಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ತೊಳೆದು, ಒಂದಗಳೂ ಬಿಡದೆ ಕುಡಿದರು. ಥಾಯ್ಲೆಂಡಿನ ಸಾರು ನಮ್ಮ ಮನೆಯ ಪ್ರಸಾದದ ಹಾಗೆ ಮುಗಿಯಿತು. ಟಾವೆಲ್ಲಿನಿಂದ ಕೈ ಒರೆಸಿಕೊಂಡು "ತಾ ಇನ್ನ, ಏನ ತಂದಿ ಅದನ್ನ" ಎಂದರು.

ಚೀಲದಿಂದ ತೆಗೆದು ಎರಡೂ ಕೈಯಿಂದ ಕೊಟ್ಟೆ. ಕಾಕಾ ಎರಡೂ ಕೈಯಿಂದ ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ ನಮ್ಮ ಮನೆತನದ ಹೆಸರು ಓದಿದರು. ಅದನ್ನು ಎರಡು ಸಲ ಓದಿದರು. ನಾನು ಒಳ್ಳೆಯ ಮಾತಿಗಾಗಿ ಕೊರಳು ಮುಂದೆ ಚಾಚಿ ಕೂತಿದ್ದೆ. ಅವರ ಹೆಬ್ಬೆರಳು ಪ್ಲಾಸ್ಟಿಕ್ ಕವರಿನ ಅಂಚಿಗೆ ಹೋಗಿ ನಿಂತಿತು. ಹೊಸ ಕವರು, ಆದರೆ ಮೂಲೆಗಳು ಆಗಲೇ ಸವೆದು ಬೆಳ್ಳಗಾಗಿದ್ದವು. ಅಂಗಡಿಗೆ ಬಂದ ಗಿರಾಕಿಗಳಿಗೆ, ಬಸ್ಸಿನ ಕಂಡಕ್ಟರಿಗೆ, ಬಳೆಗಾರತಿಗೆ, ಹಾಲಿನವರಿಗೆ ನಾನದನ್ನು ಎಷ್ಟು ಸಲ ತೆಗೆದು ತೋರಿಸಿದ್ದೆನೋ ನನಗೇ ಗೊತ್ತಿಲ್ಲ. ಅರಿವೆಯಲ್ಲಿ ತಪ್ಪಿದ ಒಂದು ಎಳೆಯನ್ನು ಹತ್ತು ಮಾರು ದೂರದಿಂದ ಹಿಡಿಯುವವರಿಗೆ ಇದು ಕಾಣದಿರುತ್ತದೆಯೇ?

ಕಾಕಾ ನಕ್ಕರು. ಸರ್ಟಿಫಿಕೇಟನ್ನು ಹೊಸ ಟಾವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು.

"ಇದು ಇನ್ನ ನನ್ನ ಕಡೆ ಇರ್ಲಿ, ಕಮಲೀ. ನಿನ್ನ ತಾಟಿಗೆ ನೀನ ಎಷ್ಟಂತ ನೀಡ್ಕೋತಿ? ಊರಾಗ ತೋರಸೂದ ನಾ ತೋರಸ್ತೀನಿ. ನೀ ಬಾಜೂಕ ನಿಂತು 'ಸಾಕ ಬಿಡ್ರಿ ಕಾಕಾ' ಅನ್ನು, ಅಷ್ಟ ಸಾಕು."